ಬಾಲದೊಳಗಿನ ಭಾರ

"ಇನ್ನೂ ಬಿಡಬಾರದಾ?" ಇನ್ಸ್‌ಪೆಕ್ಟರ್ ಕಲ್ಪನ ಕೇಳಿದಳು.

"ಅಂಟು ಹಿಡೀಲಿ ಮೇಡಂ. ಈಗ ಬಿಟ್ರೆ ಬಾಲ ಓರೆ ಆಗುತ್ತೆ."

ಕುಪ್ಪುಸ್ವಾಮಿ ವಿಮಾನದ ಬಾಲವನ್ನು ಎರಡೂ ಅಂಗೈಗಳ ನಡುವೆ ಒತ್ತಿಕೊಂಡು ನಿಂತಿದ್ದ. ವಯಸ್ಸು ಅರವತ್ತೈದರ ಆಸುಪಾಸು. ಚಿನ್ನದ ಗಣಿ ಮುಚ್ಚುವ ತನಕ ಅಲ್ಲೇ ಎಲೆಕ್ಟ್ರಿಷಿಯನ್ ಆಗಿದ್ದವನು. ಈಗಲೂ ಊರಿಗಾಂ ಲೈನಿನಲ್ಲಿ, ಗಣಿ ಕೆಲಸಗಾರರ ಸಾಲುಮನೆಯೊಂದರಲ್ಲಿ, ಮಗಳ ಜೊತೆ ಇದ್ದ. ಕೈ ನಡುಗುತ್ತಿರಲಿಲ್ಲ. ಕಣ್ಣು ಮಾತ್ರ ನಿದ್ದೆ ಕಂಡು ಎಷ್ಟೋ ದಿನವಾದಂತಿತ್ತು.

ಕಲ್ಪನ ಸ್ಟೂಲಿನ ಮೇಲೆ ಕುಸಿದು ಕೂತು ಬೂಟಿನ ಲೇಸು ಸಡಿಲಿಸಿದಳು. ಬಂಗಾರಪೇಟೆ ಠಾಣೆಯ ಹಿಂದಿನ ಶೆಡ್ಡಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ತಗಡಿನ ಸೂರಿನ ಕಾವು ನೇರ ನೆತ್ತಿಗೆ ಇಳಿಯುತ್ತಿತ್ತು.

ಒಟ್ಟಿಗೆ ಸೇರಿಸಿದ ಎರಡು ಮೇಜುಗಳ ಮೇಲೆ ಹೊಸ ವಿಮಾನ. ಕೆಳಗೆ ಗೋಣಿತಾಟಿನ ಮೇಲೆ ಹಳೆಯದರ ಚೂರುಗಳು. ಎರಡಕ್ಕೂ ಒಂದೇ ಬಣ್ಣ, ಬಿಳಿಯ ಮೇಲೆ ಕೆಂಪು ಪಟ್ಟೆ.

ಹೋದ ಭಾನುವಾರ ಬೆಳಿಗ್ಗೆ ಊರಾಚೆಯ ಬೀಳು ಹೊಲದಲ್ಲಿ ಕುಪ್ಪುಸ್ವಾಮಿ ಹಾರಿಸಿದ ಆ ರಿಮೋಟ್ ವಿಮಾನ ಆಕಾಶದಿಂದ ಕಲ್ಲಿನಂತೆ ಬಿದ್ದು, ಹೊಲದ ಒಡತಿ ಅನಸೂಯಮ್ಮನ ಜೀವ ತೆಗೆದಿತ್ತು.

ಕೇಸು ಸರಳ. ಮೇಲಿನವರು ಫೋನು ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದರು. ಅಜಾಗರೂಕತೆಯಿಂದ ಆದ ಸಾವು, ಬರೆದು ಕಳಿಸಿ, ಮುಗಿಸಿ. ಕುಪ್ಪುಸ್ವಾಮಿ ಕೂಡ ಅದನ್ನೇ ಹೇಳಿದ್ದ. "ನನ್ನ ತಪ್ಪು ಮೇಡಂ. ಅಂಟು ಸರಿಯಾಗಿ ಹಾಕಿಲ್ಲ ಅನ್ಸುತ್ತೆ. ಬರ್ಕೊಳ್ಳಿ." ಜಾಮೀನು ಸಿಕ್ಕ ದಿನವೂ ಅವನು ಮನೆಗೆ ಹೋಗಲು ಎದ್ದಿರಲಿಲ್ಲ. ಹೆಡ್ ಕಾನ್ಸ್‌ಟೇಬಲ್ ಮುನೀಂದ್ರ ಭುಜ ಹಿಡಿದು ಎಬ್ಬಿಸಬೇಕಾಗಿತ್ತು.

ಕಲ್ಪನಳಿಗೂ ಮುಗಿಸುವ ಆಸೆಯೇ ಇತ್ತು. ಮನೆಯಲ್ಲಿ ಹಸು ಈದಿತ್ತು. ಕರುವಿನ ಮುಖ ನೋಡಲೂ ಅವಳಿಗೆ ಬಿಡುವಾಗಿರಲಿಲ್ಲ. ಆದರೆ ಅವಳ ಸರ್ವೀಸಿನಲ್ಲಿ ತಪ್ಪು ಮಾಡಿದವರೆಲ್ಲ ಮೊದಲು ವಾದ ಮಾಡಿದ್ದರು. ಈ ಮುದುಕ ಒಂದು ಮಾತಿಗೂ ವಾದ ಮಾಡಿರಲಿಲ್ಲ. ಕೇಳಿದಾಗಲೆಲ್ಲ ಒಂದೇ ಹೇಳುತ್ತಿದ್ದ: "ಮೂಗು ಮೇಲೆತ್ತಿತು. ಇಳಿಸೋಕೆ ನೋಡ್ದೆ. ಇಳೀಲಿಲ್ಲ."

ಯಾಕೆ ಇಳಿಯಲಿಲ್ಲ? ಅದು ಗೊತ್ತಾಗದೆ ಅವಳಿಗೆ ಪೆನ್ನು ಮುಟ್ಟಲು ಮನಸ್ಸಾಗಲಿಲ್ಲ.

ಕುಪ್ಪುಸ್ವಾಮಿಯ ಗೆಳೆಯ ವೇಣು, ರಾಬರ್ಟ್‌ಸನ್‌ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವನು, ಒಂದೇ ಥರದ ಎರಡು ಕಿಟ್ ತರಿಸಿದ್ದ. ಒಂದು ಗೆಳೆಯನಿಗೆ, ಒಂದು ತನಗೆ. ತನ್ನ ಡಬ್ಬಿಯನ್ನು ಅವನು ಇನ್ನೂ ಒಡೆದಿರಲಿಲ್ಲ. ಕಲ್ಪನ ಕೇಳಿದ ಕೂಡಲೇ ತಂದು ಇಳಿಸಿದ್ದ. "ಇಟ್ಕೊಳ್ಳಿ ಮೇಡಂ. ಇನ್ನು ನಂಗೆ ಇದು ಬೇಡ."

ಹಾಗೆ ಕುಪ್ಪುಸ್ವಾಮಿ ಮತ್ತೆ ಅದೇ ವಿಮಾನ ಕಟ್ಟತೊಡಗಿದ್ದ, ಪೊಲೀಸರ ಕಣ್ಣೆದುರಿಗೆ. ನಿನ್ನೆ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ ಬಹಳ ಹೊತ್ತು ನಿಂತುಬಿಟ್ಟಿದ್ದ. ಆಮೇಲೆ ತಾನಾಗಿಯೇ ಬಂದು ಕತ್ತರಿ ಕೇಳಿದ್ದ.

ಮುಕ್ಕಾಲು ಪಾಲು ಕೆಲಸ ಮುಗಿದೇ ಬರುವ ಕಿಟ್ ಅದು. ಹಗುರ ಮರದ ಒಡಲು, ಬಣ್ಣದ ಹಾಳೆ ಹೊದಿಸಿದ ರೆಕ್ಕೆಗಳು. ಕೀಲುಗಳನ್ನು ಅಂಟಿಸಬೇಕು, ರೆಕ್ಕೆ, ಬಾಲಗಳ ಅಂಚಿನಲ್ಲಿ ಅಲುಗಾಡುವ ಪಟ್ಟಿಗಳನ್ನು ಎಳೆಯುವ ಪುಟ್ಟ ಮೋಟಾರುಗಳನ್ನು ಕೂರಿಸಬೇಕು, ಮೂಗಿಗೆ ಪೆಟ್ರೋಲ್ ಎಂಜಿನ್ ಬಿಗಿಯಬೇಕು. ಎಲ್ಲವನ್ನೂ ಅವನೊಬ್ಬನೇ ಮಾಡಿದ್ದ.

"ಹಿಡೀತು," ಎಂದು ಈಗ ಕೈ ತೆಗೆದ.

"ಸರಿ. ಹಳೇದರ ಕೀಲು ತೋರಿಸಿ."

ಅವನು ಬಗ್ಗಿ ಗೋಣಿತಾಟಿನಿಂದ ಹಳೆಯ ಬಾಲ ಎತ್ತಿಕೊಟ್ಟ. ಮೂಗು ಪುಡಿಯಾಗಿದ್ದರೂ ಬಾಲದ ಕಡೆಯ ಮೊಳದಷ್ಟು ಭಾಗ ಹಾಗೇ ಉಳಿದಿತ್ತು. ಮೂಗನ್ನು ಮೇಲೆ ಕೆಳಗೆ ಮಾಡುವ ಪಟ್ಟಿಯನ್ನು ಕಲ್ಪನ ಹಿಡಿದು ಜಗ್ಗಿದಳು. ಬರಲಿಲ್ಲ. ಮುನೀಂದ್ರನೂ ಎಳೆದ. ಬರಲಿಲ್ಲ.

"ಅಂಟು ಬಿಟ್ಟಿಲ್ವಲ್ಲ ಸಾಮೀ," ಎಂದ ಮುನೀಂದ್ರ. "ಗಟ್ಟಿಗೈತೆ."

ಕುಪ್ಪುಸ್ವಾಮಿ ಪಟ್ಟಿಯನ್ನೇ ನೋಡಿದ.

ಹಳೆಯ ಮೋಟಾರಿಗೆ ಹೊಸ ಬ್ಯಾಟರಿ ಕೊಟ್ಟು ನೋಡಿದರು. ಕಿರ್ರೆಂದು ತಿರುಗಿ ಪಟ್ಟಿ ಎತ್ತಿತು, ಇಳಿಸಿತು. ಅದೂ ಸರಿಯಾಗಿತ್ತು.

ಕಲ್ಪನ ಟಾರ್ಚು ಹಾಕಿ ಹಳೆಯ ಬಾಲದ ಒಳಗೆ ಇಣುಕಿದಳು. ತುದಿಯಲ್ಲಿ ತೆಳ್ಳನೆಯ ಪ್ಲೈವುಡ್ಡಿನ ಅಡ್ಡಗೋಡೆ. ಅದರ ನಡುವೆ ಒಂದು ಗುಂಡಿ, ಒಳಗಿನಿಂದ ಯಾರೋ ಗುದ್ದಿದ ಹಾಗೆ. ಸುತ್ತ ಕಂದು ಮಣ್ಣು ಮೆತ್ತಿತ್ತು. ಹೊಲದ ಮಣ್ಣು, ಬಿದ್ದ ಮೇಲೆ ಸೇರಿರಬೇಕು ಎಂದುಕೊಂಡಳು. ಹೊಸ ವಿಮಾನದ ಒಳಗೂ ಟಾರ್ಚು ಬಿಟ್ಟಳು. ಅಲ್ಲಿನ ಅಡ್ಡಗೋಡೆ ನುಣ್ಣಗಿತ್ತು.

"ಬಾಲದೊಳಗೆ ಏನಿಡ್ತೀರಿ?"

"ಏನೂ ಇಡಲ್ಲ ಮೇಡಂ. ಏನೂ ಇರಬಾರದು ಅಲ್ಲಿ. ಎಲ್ಲಾ ಮುಂದೆ ಇರಬೇಕು."

"ಇದ್ರೆ?"

ಅವನು ಉದ್ದನೆಯ ಅಲ್ಯೂಮಿನಿಯಂ ಕೊಳವೆಯನ್ನು ಒಡಲಿನ ಅಡ್ಡಕ್ಕೆ ತೂರಿಸಿ, ಆ ಕಡೆಗೊಂದು ಈ ಕಡೆಗೊಂದು ರೆಕ್ಕೆ ತಳ್ಳಿ, ಬೋಲ್ಟು ತಿರುಗಿಸಿದ. ರೆಕ್ಕೆಯ ತುದಿ ಬಾಗಿಲಾಚೆ ಹೋಗಿ ನಿಂತಿತು.

"ಇದನ್ನ ಆಟದ ಸಾಮಾನು ಅಂತಾರಾ?" ಎಂದ ಮುನೀಂದ್ರ. "ನಮ್ಮ ಮನೇಗಿಂತ ಅಗಲ ಐತೆ."

"ಆ ಕಡೆ ರೆಕ್ಕೆ ಕೆಳಗೆ ಬೆರಳು ಕೊಡಿ," ಎಂದ ಕುಪ್ಪುಸ್ವಾಮಿ. ಈ ಕಡೆ ತಾನು ಬೆರಳಿಟ್ಟ. "ಎತ್ತಿ."

ವಿಮಾನ ಇಬ್ಬರ ಬೆರಳ ಮೇಲೆ ತೂಗಿತು. ಮೂಗು ಒಂದಿಷ್ಟೇ ಕೆಳಗೆ ಬಾಗಿ ನಿಂತಿತು.

"ಹಿಂಗಿರಬೇಕು. ಪ್ರತಿ ಸಲ ಹಾರಿಸೋಕೆ ಮುಂಚೆ ನೋಡ್ತೀನಿ."

ಕಲ್ಪನ ಎದ್ದಳು. ಮೇಜಿನ ಮೇಲಿದ್ದ ಶೆಡ್ಡಿನ ಬೀಗವನ್ನು ಬಟ್ಟೆಯಲ್ಲಿ ಸುತ್ತಿದಳು. ಒಡಲಿನ ಮೇಲ್ಭಾಗದ ಮುಚ್ಚಳ ಕೈಯಲ್ಲೇ ತೆಗೆಯುವಂಥದು. ತೆಗೆದು, ಬೀಗವನ್ನು ಒಳಗಿಟ್ಟು, ಮುಚ್ಚಿದಳು.

"ಈಗ?"

ಮೂಗು ಹಾಗೇ ಇತ್ತು. ಬೀಗ ರೆಕ್ಕೆಗಳ ನಡುವೆಯೇ ಕೂತಿತ್ತು.

"ಮೇಲೆ ಹಾರುವಾಗ ಹೆಂಗಿರುತ್ತೋ ಹಂಗೆ ಹಿಡೀರಿ."

ಮೂಗನ್ನು ಮೇಲೆತ್ತಿದರು. ಒಳಗೆ ಸರ್ರನೆ ಏನೋ ಜಾರಿ ಹಿಂದಕ್ಕೆ ಹೋದ ಸದ್ದು. ಬಾಲ ನಿಧಾನವಾಗಿ ಇಳಿಯತೊಡಗಿತು.

ಕುಪ್ಪುಸ್ವಾಮಿಯ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. "ಇನ್ನೊಂದು," ಎಂದ. "ಇಷ್ಟು ಸಾಲದು. ಇಷ್ಟೇ ಇದ್ದಿದ್ರೆ ನಾನು ಇಳಿಸ್ತಿದ್ದೆ."

ಮುನೀಂದ್ರ ಲಾಕಪ್ಪಿನ ದೊಡ್ಡ ಬೀಗ ತಂದ. ಅದನ್ನೂ ಸೇರಿಸಿದ ಮೇಲೆ ಬಾಲ ಧಡ್ಡನೆ ಬಿತ್ತು. ಕುಪ್ಪುಸ್ವಾಮಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಡಿದುಕೊಂಡು ಹಾಗೇ ನೆಲಕ್ಕೆ ಕೂತ.

"ಹಿಂಗೇ. ಹಿಂಗೇ ಆಯ್ತು ಮೇಡಂ. ಮೇಲೆ ಹತ್ತಿತು, ಏನೋ ಕಡಿದು ಹೋದ ಹಾಗೆ ಬಾಲ ಕುಸೀತು."

"ಒಳಗೆ ಏನೋ ಇತ್ತು," ಎಂದಳು ಕಲ್ಪನ.

"ಏನಾದ್ರೂ ಸಿಕ್ತಾ ಒಳಗೆ?"

ದನಿ ಬಾಗಿಲಿನಿಂದ ಬಂತು. ಕುಪ್ಪುಸ್ವಾಮಿಯ ಮಗಳು ಸೆಲ್ವಿ, ಅಪ್ಪನಿಗೆ ಊಟದ ಕ್ಯಾರಿಯರ್ ಹಿಡಿದು ನಿಂತಿದ್ದಳು. ರಾಬರ್ಟ್‌ಸನ್‌ಪೇಟೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ಕೆಲಸ. ಮಧ್ಯಾಹ್ನ ಬಸ್ಸು ಹಿಡಿದು ಬಂದು ಕೊಟ್ಟು ಹೋಗುತ್ತಿದ್ದಳು.

ಕಲ್ಪನ ಅವಳನ್ನು ನೋಡಿದಳು. ಬೇರೆ ಯಾರೇ ಆಗಿದ್ದರೂ ಏನಿತ್ತು, ಯಾರಿಟ್ಟರು ಎಂದು ಕೇಳುತ್ತಿದ್ದರು. ಈ ಹುಡುಗಿ ಸಿಕ್ಕಿತಾ ಎಂದು ಕೇಳಿದ್ದಳು.

"ಊಟ ಕೊಟ್ಟು ಹೊರಗೆ ಬಾಮ್ಮಾ," ಎಂದಳು.

ಶೆಡ್ಡಿನ ಹಿಂದೆ ಹಿಡಿದು ತಂದ ಬೈಕುಗಳು ಒಂದರ ಮೇಲೊಂದು ಒರಗಿ ತುಕ್ಕು ತಿನ್ನುತ್ತಿದ್ದವು. ಹೊಂಗೆ ಮರದ ನೆರಳಿನಲ್ಲಿ ಕಲ್ಲುಚಪ್ಪಡಿ. ಕಲ್ಪನ ಕೂತಳು. ಸೆಲ್ವಿ ಕೂರಲಿಲ್ಲ. ದೂರದಲ್ಲಿ ಸ್ಟೇಷನ್ನಿನ ಕಡೆ ರೈಲೊಂದು ಕೂಗಿಕೊಂಡಿತು.

"ಏನು ಸಿಗಬೇಕಿತ್ತು?"

"ಏನಿಲ್ಲ ಮೇಡಂ. ಸುಮ್ನೆ ಕೇಳ್ದೆ."

"ಸೆಲ್ವಿ, ನಂಗೆ ಕಾಲು ನೋಯ್ತಾ ಇದೆ. ತಲೆ ನೋಯ್ತಾ ಇದೆ. ಸುತ್ತಿ ಬಳಸಿ ಕೇಳೋಕೆ ನಂಗಾಗಲ್ಲ, ಸುತ್ತಿ ಬಳಸಿ ಹೇಳೋಕೆ ನಿಂಗೂ ಆಗಲ್ಲ ಅಂತ ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ವಿಮಾನದೊಳಗೆ ಏನಿಟ್ಟೆ?"

ಸೆಲ್ವಿ ದುಪಟ್ಟದ ತುದಿಯನ್ನು ಬೆರಳಿಗೆ ಸುತ್ತಿದಳು. ಬಿಚ್ಚಿದಳು.

"ನಾನೇನೂ ಇಟ್ಟಿಲ್ಲ."

"ನಿಮ್ಮಪ್ಪ ಒಳಗೆ ಕೂತು ತನ್ನ ತಪ್ಪು, ತನ್ನ ತಪ್ಪು ಅಂತಾ ಇದಾರೆ. ನಾಳೆ ನಾನು ಅದನ್ನೇ ಬರೀಬೇಕು. ಬರೀಲಾ?"

"ಬೇಡ ಮೇಡಂ."

"ಹಾಗಾದ್ರೆ ಹೇಳು."

"ಅವರು ಊಟಾನೇ ಮಾಡ್ತಿಲ್ಲ," ಎಂದಳು ಸೆಲ್ವಿ. "ಕ್ಯಾರಿಯರ್ ಹಂಗೇ ವಾಪಸ್ ಬರುತ್ತೆ. ಮನೇಲಿ ಮಾತಿಲ್ಲ. ತನ್ನ ಎರಡೂ ಕೈ ನೋಡ್ಕೋತಾ ಕೂತಿರ್ತಾರೆ." ದುಪಟ್ಟದಿಂದ ಮುಖ ಒರೆಸಿಕೊಂಡಳು. "ನಾನೇ ಇಟ್ಟಿದ್ದು ಮೇಡಂ. ನಾನೇ ಆ ಯಮ್ಮನ್ನ ಸಾಯಿಸ್ದೆ."

ಕಲ್ಪನ ಚಪ್ಪಡಿಯ ಮೇಲೆ ಜಾಗ ಬಿಟ್ಟಳು. ಈ ಸಲ ಸೆಲ್ವಿ ಕೂತಳು.

ಅವಳ ಕಥೆ ಉದ್ದವೇನಿರಲಿಲ್ಲ. ಗಂಡನನ್ನು ಬಿಟ್ಟು ಅಪ್ಪನ ಮನೆಗೆ ಬಂದು ವರ್ಷವಾಗಿತ್ತು. ಬರುವಾಗ ಸತ್ತ ತಾಯಿಯ ಒಡವೆಗಳನ್ನು ತಂದಿದ್ದಳು. ಒಂದು ಸರ, ಎರಡು ಬಳೆ, ಓಲೆ. ಅವು ತನಗೆ ಸೇರಬೇಕೆಂದು ಗಂಡ ಕೂಗಾಡುತ್ತಿದ್ದ. ಶನಿವಾರ ಸಂಜೆ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಲೈನಿಗೇ ಬಂದ. ಅಪ್ಪ ಪೆಟ್ರೋಲ್ ತರಲು ಹೋಗಿದ್ದ. ಗಲ್ಲಿಯ ತಿರುವಿನಲ್ಲಿ ಗಂಡನ ದನಿ ಕೇಳಿದ್ದೇ ತಡ, ಸೆಲ್ವಿ ಒಡವೆಗಳನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿದಳು.

"ಬೀರು ಒಡೀತಾರೆ, ಡಬ್ಬ ಎಲ್ಲಾ ಸುರೀತಾರೆ ಅಂತ ಗೊತ್ತಿತ್ತು. ಮಂಚದ ಮೇಲೆ ವಿಮಾನ ಇತ್ತು. ಮುಚ್ಚಳ ತೆಗೆದು ಹಾಕ್ಬಿಟ್ಟೆ. ಅವರು ಎಲ್ಲಾ ಕಡೆ ಹುಡುಕಿದ್ರು. ವಿಮಾನ ಮುಟ್ಟಲಿಲ್ಲ."

"ಆಮೇಲೆ ತೆಗೀಲಿಲ್ವಾ?"

"ಅಪ್ಪ ಬಂದ್ರು. ಗಲಾಟೆ ಆಗಿದ್ದು ಅವರಿಗೆ ಹೇಳ್ಲಿಲ್ಲ. ಹೇಳಿದ್ರೆ ಅವನ ಮನೆಗೆ ಹೋಗಿ ಜಗಳ ತೆಗೀತಾರೆ, ಎದೆ ನೋವು ಬೇರೆ ಇದೆ. ಬೆಳಿಗ್ಗೆ ತೆಗೆದ್ರಾಯ್ತು ಅಂತ ಮಲಗ್ದೆ. ಭಾನುವಾರ ಹಾರಿಸ್ತಾರೆ ಅಂತ ನಂಗೆ ಗೊತ್ತಿರಲಿಲ್ಲ ಮೇಡಂ. ಕಣ್ಣು ಬಿಡೋ ಹೊತ್ತಿಗೆ ವೇಣು ಅಣ್ಣನ ವ್ಯಾನು ಹೊರಟೇ ಹೋಗಿತ್ತು. ಫೋನ್ ಮಾಡ್ದೆ, ಅಪ್ಪ ಎತ್ತಲಿಲ್ಲ. ಹಾರಿಸುವಾಗ ಎತ್ತಲ್ಲ ಅವರು."

"ಬಿದ್ದ ಮೇಲೆ ಒಡವೆ ಸಿಗಲಿಲ್ಲ."

"ಜನ ಸೇರಿತ್ತಂತಲ್ಲ, ಯಾರೋ ಎತ್ಕೊಂಡಿರ್ತಾರೆ. ಹೋಗ್ಲಿ, ಅದು ಬೇಡವೇ ಬೇಡ. ನನ್ನನ್ನ ಒಳಗೆ ಹಾಕಿ, ಅಪ್ಪನ್ನ ಬಿಟ್ಬಿಡಿ. ನಾನು ಬರೆದುಕೊಡ್ತೀನಿ."

ಕಲ್ಪನ ಕಣ್ಣು ಮುಚ್ಚಿದಳು. ಕೇಸು ಮುಗಿದಿತ್ತು. ಕಾರಣ ಸಿಕ್ಕಿತ್ತು, ಇಟ್ಟವರು ಸಿಕ್ಕಿದ್ದರು, ಒಪ್ಪಿಕೊಂಡೂ ಆಗಿತ್ತು. ಈಗ ಎದ್ದು ಒಳಗೆ ಹೋಗಿ ಬರೆದುಬಿಟ್ಟರೆ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬಹುದು. ಹಾಗೆ ಯೋಚಿಸಿದ್ದಕ್ಕೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಇನ್ನಷ್ಟು ಸೋತಂತಾಯಿತು.

"ಸೆಲ್ವಿ."

ಶೆಡ್ಡಿನ ಮೂಲೆಯಲ್ಲಿ ಕುಪ್ಪುಸ್ವಾಮಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕೈಯಲ್ಲಿ ಅನ್ನದ ಅಗುಳು ಒಣಗಿತ್ತು. ಸೆಲ್ವಿ ಎದ್ದು ಹಿಂದಕ್ಕೆ ಸರಿದಳು, ಹೊಡೆಯುತ್ತಾನೆ ಎನ್ನುವ ಹಾಗೆ.

"ಅಪ್ಪಾ, ನಾನು..."

"ನಿನ್ನ ಗಂಟು ಮನೇಲೇ ಇದೆ."

ಸೆಲ್ವಿ ಅರ್ಥವಾಗದೆ ನೋಡಿದಳು.

"ಅವತ್ತೇ ತೆಗ್ದೆ ಕಣಮ್ಮಾ. ಮಲಗೋಕೆ ಮುಂಚೆ ಬ್ಯಾಟರಿ ಕಟ್ಟೋಕೆ ಮುಚ್ಚಳ ತೆಗೆದ್ರೆ ಗಂಟು ಇತ್ತು. ಅಮ್ಮನ ಓಲೆ ನೋಡಿ ಗೊತ್ತಾಯ್ತು. ಬೀರು ಮೇಲಿನ ನನ್ನ ಗಣಿ ಹೆಲ್ಮೆಟ್ ಇಲ್ವಾ, ಅದರೊಳಗೆ ಇಟ್ಟೆ. ನೀನಾಗಿ ಹೇಳ್ತೀಯ ಅಂತ ಸುಮ್ನಿದ್ದೆ. ಬೆಳಿಗ್ಗೆ ಹಿಂಗಾಯ್ತು... ಮರ್ತೇಹೋಯ್ತು ಮಾ. ಎಲ್ಲಾ ಮರ್ತೇಹೋಯ್ತು."

"ಸುಳ್ಳು," ಎಂದಳು ಸೆಲ್ವಿ. "ನನ್ನನ್ನ ಬಿಡಿಸೋಕೆ ಹೇಳ್ತಿದೀರ."

ಕಲ್ಪನಳಿಗೂ ಅದೇ ಅನಿಸಿತ್ತು. "ಮನೆ ಕೀಲಿ ಯಾರ ಹತ್ರ ಇದೆ?"

"ಪಕ್ಕದ ಮನೆ ಅಮ್ಮಾಜಮ್ಮನ ಹತ್ರ," ಎಂದಳು ಸೆಲ್ವಿ.

"ಫೋನ್ ಮಾಡು. ಸ್ಪೀಕರ್ ಹಾಕು."

ಅಮ್ಮಾಜಮ್ಮ ಫೋನು ಹಿಡಿದೇ ಬೀಗ ತೆಗೆದಳು. ಉಸ್ಸೆನ್ನುತ್ತಾ ಕುರ್ಚಿ ಎಳೆದುಕೊಂಡ ಸದ್ದು, ಧೂಳಿಗೆ ಕೆಮ್ಮಿದ ಸದ್ದು ಎಲ್ಲ ಕೇಳಿಸಿತು.

"ಯೇನ್ ಸೆಲ್ವಿ ಇದು, ಎಲ್ಮೆಟ್ ಒಳಗೆ ಕರ್ಚೀಪು ಐತಲ್ಲೇ. ಗಂಟು ಕಟ್ಟೈತೆ. ಬಿಚ್ಚಲಾ?"

"ಬಿಚ್ಚಿ ಅಕ್ಕಾ."

"ಅಯ್ಯೋ, ನಿಮ್ಮಮ್ಮನ ಸರ ಕಣೇ! ಇಂಗಾ ಇಡೋದು?"

ಸೆಲ್ವಿ ಫೋನು ಹಿಡಿದೇ ನೆಲಕ್ಕೆ ಕೂತಳು. ಅಳು ಬಂದದ್ದು ಅವಳಿಗಲ್ಲ, ಕುಪ್ಪುಸ್ವಾಮಿಗೆ. ಮಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಎಂಜಲು ಕೈಯನ್ನು ಅವಳಿಗೆ ತಾಗದಂತೆ ಆಚೆ ಹಿಡಿದು, ಇನ್ನೊಂದು ಕೈಯಲ್ಲಿ ಅವಳ ತಲೆ ಸವರಿದ. "ಅಳಾದಮ್ಮಾ, ಅಳಾದೆ," ಎಂದು ತಮಿಳಿನಲ್ಲಿ ಅಳಬೇಡ ಎನ್ನುತ್ತಾ ತಾನೇ ಅತ್ತ. ಇಬ್ಬರೂ ತಾವೇ ಕೊಂದೆವು ಎಂದುಕೊಂಡು ಒಂದೇ ಮನೆಯಲ್ಲಿ, ಒಬ್ಬರಿಗೊಬ್ಬರು ಹೇಳದೆ, ಒಂದು ವಾರ ಕಳೆದಿದ್ದರು.

ಕಲ್ಪನ ಅವರಿಬ್ಬರನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.

ಹಾಗಾದರೆ ಬಾಲದೊಳಗೆ ಗುದ್ದಿದ್ದು ಏನು?

ಒಂದು ಸರ, ಎರಡು ಬಳೆ, ಓಲೆ. ಅವಳು ಎರಡು ಬೀಗಗಳನ್ನೂ ಕೈಯಲ್ಲಿ ಎತ್ತಿ ತೂಗಿದಳು. ಎಷ್ಟು ಒಡವೆ ಸೇರಿಸಿದರೂ ಇಷ್ಟಾಗುತ್ತಿರಲಿಲ್ಲ. ಕರ್ಚೀಫಿನ ಗಂಟು ಪ್ಲೈವುಡ್ಡಿನಲ್ಲಿ ಗುಂಡಿ ತೋಡುತ್ತಲೂ ಇರಲಿಲ್ಲ. ಇದನ್ನು ಹೊರಗೆ ಕೂತಾಗಲೇ ಯೋಚಿಸಬೇಕಿತ್ತು. ಸುಸ್ತು ಅವಳ ಬದಲಿಗೆ ಯೋಚಿಸಿತ್ತು.

ಹಳೆಯ ಬಾಲವನ್ನು ಮತ್ತೆ ಎತ್ತಿದಳು. ಗುಂಡಿಯ ಸುತ್ತ ಮೆತ್ತಿದ ಕಂದು ಪುಡಿ. ಈ ಸೀಮೆಯ ಮಣ್ಣು ಕೆಂಪು. ಇದು ಅಷ್ಟು ಕೆಂಪಿರಲಿಲ್ಲ. ಉಗುರಿನಲ್ಲಿ ಕೆರೆದು ಕಾಗದದ ಮೇಲೆ ಉದುರಿಸಿದಳು. ಮೇಜಿನ ಮೇಲೆ ಕುಪ್ಪುಸ್ವಾಮಿಯ ಸ್ಕ್ರೂಡ್ರೈವರ್ ಇತ್ತು, ಸಣ್ಣ ಸ್ಕ್ರೂಗಳು ಜಾರದಿರಲೆಂದು ತುದಿಗೆ ಅಯಸ್ಕಾಂತ ಇರುವಂಥದು. ಅದನ್ನು ಪುಡಿಯ ಹತ್ತಿರ ಹಿಡಿದಳು.

ಪುಡಿಯಲ್ಲಿನ ಕಪ್ಪು ಚೂರುಗಳು ಎದ್ದು ಬಂದು ತುದಿಗೆ ಅಂಟಿಕೊಂಡವು.

"ಮುನೀಂದ್ರ, ಇದು ಮಣ್ಣಲ್ಲ. ತುಕ್ಕು."

"ವಿಮಾನದಾಗೆ ಯಾವ ಕಬ್ಬಿಣ ಐತೆ ಮೇಡಂ?"

"ಅದನ್ನೇ ಕೇಳ್ಬೇಕು. ಅವರನ್ನ ಕರಿ."

ಕುಪ್ಪುಸ್ವಾಮಿ ಕೈ ತೊಳೆದು ಬಂದ. ಪುಡಿ ನೋಡಿದ. ತಲೆಯಾಡಿಸಿದ. "ಕಿಟ್ಟಲ್ಲಿ ತುಕ್ಕು ಹಿಡಿಯೋ ಸಾಮಾನೇ ಇಲ್ಲ."

"ಹೊಲದಲ್ಲಿ ರೆಕ್ಕೆ ಜೋಡಿಸಿದ ಮೇಲೆ ಬ್ಯಾಲೆನ್ಸ್ ನೋಡಿದ್ರಾ?"

"ನೋಡ್ದೆ ಮೇಡಂ. ವೇಣು ಆ ಕಡೆ, ನಾನು ಈ ಕಡೆ. ಮೂಗು ಮೇಲೆತ್ತಿಯೂ ನೋಡ್ದೆ. ಏನೂ ಜಾರಲಿಲ್ಲ."

"ಹಾಗಾದ್ರೆ ಅದಾದ ಮೇಲೆ ಇಟ್ಟಿದ್ದು. ಆಮೇಲೆ ನೀವಿಬ್ರೂ ಎಲ್ಲಿದ್ರಿ?"

"ವೇಣು ಕ್ಯಾಮೆರಾ ಇಡೋಕೆ ಬದುವಿನ ಮೇಲೆ ಹೋದ. ನಂಗೆ ಕೈಯೆಲ್ಲಾ ಪೆಟ್ರೋಲು. ಪಂಪ್‌ಸೆಟ್ ಮನೆ ಹತ್ರ ತೊಳೆಯೋಕೆ ಹೋದೆ."

"ವಿಮಾನದ ಹತ್ರ ಯಾರಿದ್ರು?"

ಕುಪ್ಪುಸ್ವಾಮಿ ಬಾಯಿ ತೆರೆದವನು ಹಾಗೇ ನಿಂತ.

"ಆ ಯಮ್ಮ," ಎಂದ. "ಅನಸೂಯಮ್ಮ. ನಾಯಿ ಪಾಯಿ ಬರುತ್ತೆ, ನಾನು ಕೂತಿರ್ತೀನಿ ಹೋಗಿ ಬನ್ನಿ ಅಂದ್ಳು. ಯಾವಾಗ್ಲೂ ಹಂಗೇ. ನಮಗೆ ಮಜ್ಜಿಗೆ ತರೋಳು. ಮೇಲೆ ಹೋದಾಗ ಮಗು ಥರ ಕೈ ತಟ್ಟೋಳು."

"ನೀವು ವಾಪಸ್ ಬಂದಾಗ?"

"ನಿಂತಿದ್ಳು. ಮಜ್ಜಿಗೆ ಚೊಂಬು ಕೆಳಗೆ ಬಿದ್ದಿತ್ತು, ಎತ್ತಿರಲಿಲ್ಲ." ಅವನು ಒಂದೊಂದನ್ನೇ ನೆನಪಿನಿಂದ ಹೊರಗೆ ತೆಗೆಯುತ್ತಿದ್ದ. "ಇವತ್ತು ಬ್ಯಾಡ ಸಾಮಿ, ಮನೆಗೋಗಿ ಅಂದ್ಳು. ಗಾಳಿ ಇದೆ ಅಂತ ಹೆದರ್ತಾಳೆ ಅನ್ಕೊಂಡೆ. ಏನೂ ಆಗಲ್ಲ ಹೋಗಮ್ಮ, ದೂರ ನಿಂತು ನೋಡು ಅಂತ ನಗಾಡ್ದೆ. ಇನ್ನೊಂದು ಸಲ ಹೇಳೋಕೆ ಬಂದ್ಳು. ನಾನು ಎಂಜಿನ್ ಸ್ಟಾರ್ಟ್ ಮಾಡ್ಬಿಟ್ಟೆ. ಆ ಸದ್ದಲ್ಲಿ ಏನೂ ಕೇಳಿಸಲಿಲ್ಲ."

ಕಲ್ಪನ ಕಾಗದವನ್ನು ತುಕ್ಕಿನ ಪುಡಿ ಸಮೇತ ಮಡಚಿದಳು.

"ಬೀಳುವಾಗ ಅವಳು ಎಲ್ಲಿದ್ಳು?"

"ದೂರಾನೇ ಇದ್ಳು ಮೇಡಂ. ಹುಣಸೆ ಮರದ ಹತ್ರ. ಹೆದರಿಕೆಗೆ ದಿಕ್ಕು ತಪ್ಪಿ ಓಡಿಬಿಟ್ಳು. ಆ ಕಡೆ ಓಡೋ ಬದಲು ಈ ಕಡೆ..."

ವೇಣುವಿನ ಹೇಳಿಕೆಯಲ್ಲೂ ಅದೇ ಮಾತಿತ್ತು. ದಿಕ್ಕು ತಪ್ಪಿ ಓಡಿದಳು. ಕಲ್ಪನ ಅದನ್ನು ಓದಿದ್ದಳು, ನಂಬಿದ್ದಳು. ಹುಣಸೆ ಮರದ ಕೆಳಗೆ ನಿಂತವಳಿಗೆ ಹೆದರಿಕೆಯಾದರೆ ಮರವೇ ಸಾಕಲ್ಲ. ವಿಮಾನ ಬೀಳುವ ಜಾಗಕ್ಕೆ ಬಯಲಿನ ಉದ್ದಕ್ಕೂ ಯಾರು ಓಡುತ್ತಾರೆ?

"ಅವಳು ದಿಕ್ಕು ತಪ್ಪಿರಲಿಲ್ಲ," ಎಂದಳು. "ಒಳಗೇನಿದೆ ಅಂತ ಅವಳಿಗೆ ಗೊತ್ತಿತ್ತು. ಅದು ಬೇರೆಯವರ ಕೈಗೆ ಸಿಗೋಕೆ ಮುಂಚೆ ಎತ್ಕೊಳ್ಳೋಕೆ ಓಡಿದ್ಳು."

ಸೆಲ್ವಿ ಬಾಗಿಲಿಗೆ ಒರಗಿ ನಿಂತಿದ್ದಳು. "ಯಾರ ಕೈಗೆ ಮೇಡಂ?"

ಬಿದ್ದ ಜಾಗಕ್ಕೆ ಮೊದಲು ತಲುಪಿದವನು ಅನಸೂಯಮ್ಮನ ಗಂಡ ಕದಿರಪ್ಪ. ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನನ್ನು ಕಲ್ಪನ ಕಣ್ಣಾರೆ ಕಂಡಿದ್ದಳು, ಸಮಾಧಾನವನ್ನೂ ಹೇಳಿದ್ದಳು. ಡೈರಿಗೆ ಹಾಲು ಹಾಕಲು ಹೋಗಿದ್ದೆ, ಸದ್ದು ಕೇಳಿ ಓಡಿಬಂದೆ ಎಂದು ಅವನು ಹೇಳಿದ್ದ. ಡೈರಿ ಇದ್ದದ್ದು ಊರಿನ ಆ ತುದಿಗೆ. ಬದುವಿನ ಮೇಲಿದ್ದ ವೇಣು, ಹೊಲದಲ್ಲೇ ಇದ್ದ ಕುಪ್ಪುಸ್ವಾಮಿ, ಇಬ್ಬರಿಗಿಂತ ಮೊದಲು ಅವನು ಬಂದದ್ದು ಹೇಗೆ?

ಕಲ್ಪನ ಬೂಟಿನ ಲೇಸು ಬಿಗಿದಳು. ಸೊಂಟ ಹಿಡಿದುಕೊಂಡು ಎದ್ದಳು.

"ಮುನೀಂದ್ರ, ಜೀಪು ತೆಗೆಸು. ಕದಿರಪ್ಪನ ಮನೆಗೆ ಹೋಗೋಣ."

ಮುನೀಂದ್ರ ಹೊರಗೆ ಹೋದವನು ಮರುಗಳಿಗೆಯೇ ವಾಪಸ್ಸಾದ. ಮುಖದಲ್ಲಿ ಏನೋ ಸರಿಯಿರಲಿಲ್ಲ. ಬಾಗಿಲಿನಿಂದ ಒಳಕ್ಕೆ ಸರಿದು ದನಿ ತಗ್ಗಿಸಿದ.

"ಓಗೋದ್ ಬ್ಯಾಡ ಮೇಡಂ. ಅವ್ನೇ ಬಂ​ದವ್ನೆ. ಮುಂದ್ಗಡೆ ಬೆಂಚ್ ಮ್ಯಾಲೆ ಕುಂತವ್ನೆ."

"ಯಾಕಂತೆ?"

"ವಿಮಾನದ ಚೂರು ಬೇಕಂತೆ. ಎಂಡ್ತಿ ಜೀವ ತಗ್ದಿದ್ದು, ತಿಥಿ ದಿನ ಸುಟ್ಟಾಕ್ತೀನಿ, ಆಗ ಅವ್ಳಿಗೆ ಸಾಂತಿ ಅಂತಾನೆ. ಕೈ ಮುಗ್ದು ಕೇಳ್ತಾವ್ನೆ."

"ಕೇಸು ಮುಗಿಯೋವರೆಗೂ ಅಷ್ಟೊಂದು ಸಾಮಾನು ಹೆಂಗೆ ಕೊಡೋಕಾಗುತ್ತೆ? ಹೇಳ್ಲಿಲ್ವಾ?"

"ಯೋಳ್ದೆ ಮೇಡಂ." ಮುನೀಂದ್ರನ ಕಣ್ಣು ಮೇಜಿನ ಮೇಲಿದ್ದ ಮುರುಕಿನ ಮೇಲೆ ಬಿತ್ತು. ಅದರೊಳಗಿನ ಗುಂಡಿಯ ಮಾತು ಈ ಶೆಡ್ಡು ದಾಟಿರಲಿಲ್ಲ. "ಎಲ್ಲಾ ಬ್ಯಾಡ್ವಂತೆ. ಬಾಲ ಒಂದು ಕೊಟ್ರೆ ಸಾಕಂತೆ."